ಹದವಾಗದ ಮೂವತ್ತಾರು ಬ್ಲೇಡುಗಳು

ಅದಿಯಮಾನ್‌ಕೋಟೆ
21 ಜನವರಿ 2024, ಭಾನುವಾರ

ಪ್ರೀತಿಯ ಪಳನಿಗೆ ಅಕ್ಕ ಸಂಧ್ಯಾಳ ಆಶೀರ್ವಾದ.

ಇಲ್ಲಿ ಅಮ್ಮನೂ ನಾನೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಏಳುತ್ತಿಲ್ಲ. ಇದ್ದೇವೆ, ಅಷ್ಟೆ. ನೀನು ಮನೆ ಬಿಟ್ಟು ಇವತ್ತಿಗೆ ಹದಿನಾರು ದಿನ. ಮೊನ್ನೆ ನಾರಪ್ಪ ಮಾವ ಯಾರದೋ ಫೋನಿನಿಂದ ಮಾತಾಡಿ, ನೀನು ಹನೂರಿನಲ್ಲಿ ಅವರ ಟೀ ಅಂಗಡಿಯಲ್ಲೇ ಇದ್ದೀಯ, ಲೋಟ ತೊಳೆದುಕೊಂಡು ಅಲ್ಲೇ ಮಲಗುತ್ತೀಯ ಎಂದು ತಿಳಿಸಿದ ಮೇಲೆ ನಮಗೆ ಉಸಿರು ಬಂತು. ಅದಕ್ಕೂ ಮೊದಲೇ ನೀನು ಎಲ್ಲಿರಬಹುದೆಂದು ಊಹಿಸಿದ್ದೆ. ಆದರೂ ಬರೆಯಲಿಲ್ಲ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಶುರುಮಾಡಿ ಎರಡು ಸಲವೂ ಹರಿದುಹಾಕಿದೆ.

ಕನ್ನಡದಲ್ಲಿ ಯಾಕೆ ಎಂದು ನಿನಗೆ ಅನ್ನಿಸಬಹುದು. ಹೊಸೂರಿನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕನ್ನಡದಲ್ಲಿ ಒಂದು ಚೀಟಿಯನ್ನೂ ಬರೆದುಕೊಂಡವರಲ್ಲ. ಮಾವ ತಂದುಕೊಡುತ್ತಿದ್ದ ವಾರಪತ್ರಿಕೆಗಳಿಂದ ನನ್ನ ಕೈಗೆ ಅಕ್ಷರ ಇನ್ನೂ ಮರೆತಿಲ್ಲ. ನಿನ್ನ ಫೋನು ಬಂದ್ ಆಗಿದೆ, ನನ್ನ ನಂಬರನ್ನು ಪೊಲೀಸರು ಬರೆದುಕೊಂಡು ಹೋಗಿದ್ದಾರೆ. ತಮಿಳಿನಲ್ಲಿ ಬರೆದರೆ ನಾವು ಕೆಲಸ ಮಾಡುವ ಸೇಲಂನ ಬ್ಲೇಡು ಶೆಡ್ಡಿನವರು ಯಾರಾದರೂ ಓದಿಬಿಟ್ಟಾರು ಎಂಬ ಹೆದರಿಕೆ. ಇದಾದರೆ ನಾವಿಬ್ಬರೇ ಓದುವುದು. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, "ಅವ್ನು ಉಂಡ್ನಾ ಇಲ್ವಾ ಅಂತ ಮೊದ್ಲು ಬರ್ದು ಕೇಳು" ಎನ್ನುತ್ತಿದ್ದಾಳೆ. ಕೇಳಿದ್ದೇನೆ ಎಂದುಕೋ.

ಪಳನಿ, ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಆಗಿದ್ದೇ ಬೇರೆ, ನೀನು ಹೊತ್ತುಕೊಂಡು ಹೋಗಿರುವುದೇ ಬೇರೆ ಎಂದು ನನಗನ್ನಿಸುತ್ತದೆ.

ನವೆಂಬರ್ ಹದಿನೆಂಟರ ಶನಿವಾರ ಮಧ್ಯಾಹ್ನ ನೀನು ಸಾಬಕ್ಕಿ ಮಾಡುವ ಸೇಗೋ ಫ್ಯಾಕ್ಟರಿಗಳ, ಗೆಣಸು ಕತ್ತರಿಸುವ ಆ ಮೂವತ್ತಾರು ಬ್ಲೇಡುಗಳನ್ನು ಕುಲುಮೆಯಿಂದ ತೆಗೆದು ಎಣ್ಣೆಗೆ ಅದ್ದಿ, ಒರೆಸಿ, ತಟ್ಟೆಯಲ್ಲಿ ಜೋಡಿಸುತ್ತಿದ್ದೆ. ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಇವತ್ತು ಬರುವುದಿಲ್ಲ ಎಂದರು. ನೀನು ಶೆಡ್ಡಿನ ಯಜಮಾನರು, ನಮ್ಮ ಮೊದಲಾಳಿ ಅರುಣಾಚಲಂ ಹತ್ತಿರ ಹೋಗಿ, ಇವನ್ನು ಹೀಗೆ ಬಿಡಬಾರದು, ಟೆಂಪರ್ ಆಗಬೇಕು, ಮತ್ತೆ ಕಾಯಿಸಿ ಹದಕ್ಕೆ ತರಬೇಕು ಎಂದು ಹೇಳಿದೆ. ನಾಳೆ ಕರೆಂಟು ಬಂದ ಮೇಲೆ ಯಾರನ್ನಾದರೂ ಕರೆಸಿ ಮಾಡಿಸುತ್ತೇನೆ, ನೀನು ಮನೆಗೆ ಹೋಗು ಎಂದು ಅವರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಭಾನುವಾರ ಯಾರೂ ಬರಲಿಲ್ಲ. ಸೋಮವಾರ ನೋಡಿದರೆ ತಟ್ಟೆ ಮುಗಿದ ಮಾಲಿನ ಕಡೆಯ ಸ್ಟ್ಯಾಂಡಿನಲ್ಲಿತ್ತು. ಯಾರು ಸರಿಸಿದರೋ ಗೊತ್ತಿಲ್ಲ. ಟೆಂಪರ್ ಆಯಿತಾ ಎಂದು ನೀನು ಕೇಳದೆ ಅದನ್ನು ತಂದು ನನ್ನ ಪರೀಕ್ಷೆಯ ಮೇಜಿನ ಮೇಲಿಟ್ಟೆ. ನಿನ್ನ ತಪ್ಪು ಇದ್ದರೆ ಇಷ್ಟೇ, ಕೇಳಲಿಲ್ಲ. ಆಮೇಲೆ ಅವು ಹೊರಗೆ ಹೋದವು. ರಿಜಿಸ್ಟರಿನಲ್ಲಿ ಗಡಸು ಐವತ್ತೆರಡು, ಅಂದರೆ ಹದವಾದ ಮಾಲು ಎಂದಿದೆ, ಕೆಳಗೆ ನನ್ನ ಸಹಿ ಇದೆ.

ಜನವರಿ ನಾಲ್ಕಕ್ಕೆ ಅದರಲ್ಲೊಂದು ಮುರಿಯಿತು, ಚೂರು ಹಾರಿ ಒಬ್ಬ ಹೆಂಗಸಿಗೆ ಬಡಿಯಿತು.

ಅದರ ತನಿಖೆಗೆ ಬಂದ ಸಬ್ ಇನ್ಸ್‌ಪೆಕ್ಟರ್ ನನ್ನನ್ನು ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ಇಷ್ಟು ಗಟ್ಟಿಯಾದ ಸ್ಟೀಲು ಗೆಣಸು ಕತ್ತರಿಸುವಾಗ ಹೇಗಮ್ಮಾ ಮುರಿಯುತ್ತದೆ ಎಂದರು. ಗಟ್ಟಿಯಾಗಿದ್ದಕ್ಕೇ ಸಾರ್ ಮುರಿದದ್ದು ಎಂದೆ. ಅವರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಎನ್ನಿಸಿತೇನೋ. ಸಾವಿರ ಡಿಗ್ರಿ ದಾಟಿಸಿ ಕಿತ್ತಳೆ ಬಣ್ಣಕ್ಕೆ ಬಂದದ್ದನ್ನು ಎಣ್ಣೆಗೆ ಅದ್ದಿದರೆ ಅದು ಗಾಜಿನ ಹಾಗೆ ಆಗಿಬಿಡುತ್ತದೆ, ಒಳಗೆಲ್ಲ ಬಿಗಿ, ಅದನ್ನು ಆದಷ್ಟು ಬೇಗ ಮತ್ತೆ ಇನ್ನೂರು ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಸ್ವಲ್ಪ ಗಡಸು ಬಿಟ್ಟುಕೊಟ್ಟು ಹದಕ್ಕೆ ಬರುತ್ತದೆ, ಹಾಗೆ ಇಡದಿದ್ದರೆ ಕೂದಲಿನಂಥ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂದು ಬಿಡಿಸಿ ಹೇಳಿದೆ. ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಆ ಎರಡು ಗಂಟೆ ಇಡಬೇಕಾದವರು ಯಾರು ಎಂದು ಕೇಳಿದರು. ಮೊದಲಾಳಿ ನಿನ್ನ ಹೆಸರು ಹೇಳಿದರು.

ಗುರುವಾರ ಮೊದಲಾಳಿ ನನ್ನನ್ನು ಒಳಗೆ ಕರೆದರು. ಟೈಪ್ ಮಾಡಿಸಿದ ಕಾಗದವೊಂದನ್ನು ಮುಂದಿಟ್ಟರು. ಪಳನಿ ಎಂಬ ಕುಲುಮೆ ಆಪರೇಟರ್ ಹಿರಿಯರ ಸೂಚನೆ ಮೀರಿ, ಟೆಂಪರ್ ಮಾಡದ ಮಾಲನ್ನು ಮಾಡಿದೆನೆಂದು ಹೇಳಿ ಪರೀಕ್ಷೆಯವರನ್ನು ನಂಬಿಸಿದನು ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಫೆಬ್ರವರಿ ಹನ್ನೆರಡಕ್ಕೆ ಬರುತ್ತಾರೆ, ಅಷ್ಟರೊಳಗೆ ಕೊಡು ಎಂದರು. ಕೂಗಾಡಲಿಲ್ಲ. ಅವನು ಹೇಗೂ ಊರು ಬಿಟ್ಟಿದ್ದಾನೆ, ಹುಡುಗ ಎಲ್ಲಾದರೂ ಬದುಕಿಕೊಳ್ಳುತ್ತಾನೆ, ಶೆಡ್ಡು ಮುಚ್ಚಿದರೆ ಹದಿನಾಲ್ಕು ಮನೆ ಏನಾಗಬೇಕು ಎಂದು ಮೆಲ್ಲಗೆ ಹೇಳಿದರು. ಪಾಲಿಟೆಕ್ನಿಕ್ ಮುಗಿಸಿ ಬಂದಾಗ ಸೇಲಂನಲ್ಲಿ ಯಾವ ಶೆಡ್ಡಿನವರೂ ಹೆಂಗಸನ್ನು ಕುಲುಮೆ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಇವರೊಬ್ಬರೇ ಕೂರಿಸಿದ್ದು, ಅದನ್ನು ನಾನು ಮರೆಯಲಾರೆ. ಅವತ್ತೇ ನನ್ನ ಡಿಪ್ಲೊಮಾ, ಮಾರ್ಕ್ಸ್ ಕಾರ್ಡು ಎಲ್ಲ ಅಸಲನ್ನೂ ಇಸಿದುಕೊಂಡು ಬೀರುವಿನಲ್ಲಿಟ್ಟರು. ಹನ್ನೊಂದು ವರ್ಷವಾಯಿತು. ಕೆಲಸ ಬಿಡುತ್ತೇನೆ ಎಂದರೂ ಕೈಯಲ್ಲಿ ಒಂದು ಕಾಗದವಿಲ್ಲ, ನಾನು ಓದಿದ್ದೇನೆ ಎನ್ನಲೂ ಸಾಕ್ಷಿಯಿಲ್ಲ.

ಯೋಚನೆ ಮಾಡಿ ಹೇಳುತ್ತೇನೆ ಎಂದು ಹೊರಗೆ ಬಂದೆ. ಸಹಿ ಮಾಡಿಲ್ಲ.

ನಿನ್ನೆ ಸೇಲಂ ಆಸ್ಪತ್ರೆಗೆ ಹೋಗಿದ್ದೆ. ಬ್ಲೇಡಿನ ಚೂರು ಬಡಿದಾಕೆಯ ಹೆಸರು ಮುತ್ಯಾಲಮ್ಮ. ನಮ್ಮವರೇ, ಮನೆಯಲ್ಲಿ ಕನ್ನಡ ಮಾತಾಡುವವರು. ನಲವತ್ತೈದು ಇರಬಹುದು. ಯಂತ್ರದ ಮುಚ್ಚಳದ ಸಂದಿಯಿಂದ ಹಾರಿದ ಚೂರು ಬಲಗಣ್ಣಿಗೆ ಹೊಡೆದಿದೆ. ಕಣ್ಣು ಉಳಿಯಲಿಲ್ಲ. ಇದನ್ನು ನಿನಗೆ ಹೇಳದೆ ಇರಬಹುದಿತ್ತು, ಆದರೆ ಹೇಗೂ ಗೊತ್ತಾಗುತ್ತದೆ. ನಾನು ಯಾರು ಎಂದು ಹೇಳಲಿಲ್ಲ, ಬ್ಲೇಡಿನ ಕಂಪನಿಯಿಂದ ಬಂದೆ ಎಂದಷ್ಟೇ ಹೇಳಿ ಕಿತ್ತಳೆ ಹಣ್ಣು ಕೊಟ್ಟೆ. ನಮ್ಮ ಮಾತು ಕೇಳಿ ಆಕೆಗೆ ಖುಷಿಯಾಯಿತು.

"ಎಡಗಣ್ ಐತಲ್ಲ ಕಣಮ್ಮ, ಒಲೆ ಮುಂದೆ ಕೂತ್ಕಳಕ್ಕೆ ಸಾಕು. ನಮ್ ಸೊಸೆ ಶಿವಲಕ್ಷ್ಮಿ ಓಯ್ತಾವ್ಳೆ ಈಗ ನನ್ ಜಾಗಕ್ಕೆ. ಅದೇ ಮಿಷಿನ್ನು. ವಸಿ ದೂರ ನಿಂತ್ಕ ಅಂತ ಏಳ್ಕೊಟ್ಟಿವ್ನಿ."

ಅದೇ ಮಿಷಿನ್ನು ಎಂದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮುರಿದದ್ದು ಒಂದು. ಉಳಿದ ಮೂವತ್ತೈದು ಇನ್ನೂ ತಿರುಗುತ್ತಲೇ ಇವೆ, ಪಳನಿ. ಎರಡು ವಾರದಿಂದ ನಾವೆಲ್ಲ ಯಾರ ತಪ್ಪು, ಯಾರ ತಪ್ಪು ಎಂದುಕೊಂಡು ಕೂತಿದ್ದೇವೆ. ಅವುಗಳ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ.

ವೇಳೆಗೆ ಸರಿಯಾಗಿ ತಿನ್ನು. ಮಾವನ ಜೊತೆ ಮಾತಾಡು. ಒಬ್ಬನೇ ಕೆರೆ ಕಡೆ ಹೋಗಿ ಕೂರುತ್ತೀಯಂತೆ, ಬೇಡ.

ನಿನ್ನ ಅಕ್ಕ
ಸಂಧ್ಯಾ


ಅದಿಯಮಾನ್‌ಕೋಟೆ
2 ಫೆಬ್ರವರಿ 2024

ಪಳನಿ,

ನಿನ್ನಿಂದ ಕಾಗದ ಬರಲಿಲ್ಲ. ಬರೆಯಲೇಬೇಕೆಂದು ನಾನೂ ಅಂದುಕೊಂಡಿಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಚೆನ್ನಾಗಿಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಸೋಮವಾರವೇ ನಾನು ಮೊದಲಾಳಿಯನ್ನು ಕೇಳಿದೆ, ಉಳಿದ ಬ್ಲೇಡುಗಳನ್ನು ವಾಪಸ್ ತರಿಸೋಣ ಎಂದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತರಿಸಿದರೆ ಎಲ್ಲವೂ ಕೆಟ್ಟ ಮಾಲು ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ, ಒಂದು ಮುರಿದ ಮಾತ್ರಕ್ಕೆ ಎಲ್ಲವೂ ಮುರಿಯುವುದಿಲ್ಲ ಎಂದರು. ಮುರಿಯುವುದಿಲ್ಲ ಎಂದು ಅವರಿಗೂ ನಂಬಿಕೆಯಿರಲಿಲ್ಲ. ಅವರ ಮುಖ ನನಗೆ ಗೊತ್ತು.

ಅದಾದ ಮೇಲೆ ಒಂದು ವಾರ ನಾನು ಏನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ಬರುವುದು. ಒಂದು ಬೆಳಿಗ್ಗೆ ತೊಪ್ಪೂರು ಇಳಿಜಾರಿನಲ್ಲಿ ಲಾರಿಯೊಂದು ಅಡ್ಡ ಬಿದ್ದು ಎರಡು ಗಂಟೆ ನಮ್ಮ ಬಸ್ಸು ಅಲ್ಲೇ ನಿಂತುಬಿಟ್ಟಿತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ, ಇಳಿದು ನಡೆಯಲೂ ಜಾಗವಿಲ್ಲ. ಎಲ್ಲರೂ ಬೈಯುತ್ತಿದ್ದರು. ನನಗೆ ಮಾತ್ರ ಹಾಗೆ ನಿಂತಿರುವುದೇ ಸಲೀಸು ಎನ್ನಿಸಿತು. ಹಾಗನ್ನಿಸಿದ್ದಕ್ಕೇ ಹೆದರಿಕೆಯಾಯಿತು.

ಅವತ್ತೇ ಹೋಗಿ ನಮ್ಮ ವ್ಯಾನ್ ಓಡಿಸುವ ಸುಬ್ಬರಾಯನ್ ಅಣ್ಣನಿಗೆ ಎಲ್ಲ ಹೇಳಿದೆ. ಯಾವ ಬ್ಲೇಡು ಯಾವ ಫ್ಯಾಕ್ಟರಿಗೆ ಹೋಗಿದೆ ಎಂದು ಅವರಿಗೆ ಬಾಯಿಪಾಠ. ಅವರು ಬೀಡಿ ಆರಿಸಿ ಸ್ವಲ್ಪ ಹೊತ್ತು ನೆಲ ನೋಡಿದರು. ಇಳಿಸಿದವನು ನಾನೇ, ನಾನೇ ಎತ್ತಿಕೊಂಡು ಬರುತ್ತೇನೆ ಎಂದರು. ಡಿಸೆಂಬರಿನಲ್ಲಿ ಮಾಡಿದ ಒಳ್ಳೆಯ ಬ್ಲೇಡುಗಳ ಪೆಟ್ಟಿಗೆ ಬೇರೆ ಪಾರ್ಟಿಗೆ ಕಳಿಸಲು ಸಿದ್ಧವಿತ್ತು. ನಾನು ಅವನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿ, ಐವತ್ತೊಂದು, ಐವತ್ತೆರಡು ಎಂದು ಖಾತ್ರಿ ಮಾಡಿಕೊಂಡು ವ್ಯಾನಿಗೆ ಹಾಕಿಸಿದೆ. ಯಾರನ್ನೂ ಕೇಳಲಿಲ್ಲ. ಇದನ್ನು ಕಳ್ಳತನ ಎಂದರೆ ನಾನು ಇಲ್ಲ ಎನ್ನಲಾರೆ.

ಅಮ್ಮನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಮೂರು ದಿನ ರಜೆ ಹಾಕಿದೆ. ಐದು ಫ್ಯಾಕ್ಟರಿ, ಆರು ಯಂತ್ರ. ಮೊದಲು ಹೋದದ್ದು ಶಿವಲಕ್ಷ್ಮಿ ನಿಂತಿರುವಲ್ಲಿಗೆ. ಇಪ್ಪತ್ತೆರಡರ ಹುಡುಗಿ, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಮರಗೆಣಸನ್ನು ಯಂತ್ರದ ಬಾಯಿಗೆ ಸುರಿಯುತ್ತಿದ್ದಳು. ಅತ್ತೆ ಹೇಳಿದ ಹಾಗೆ ದೂರ ನಿಲ್ಲಲು ಅಲ್ಲಿ ಜಾಗವೇ ಇಲ್ಲ, ಹಿಂದೆ ಗೋಡೆ.

ಅಲ್ಲಿನ ಮ್ಯಾನೇಜರು ಒಪ್ಪಲಿಲ್ಲ. ಅವರ ಜೇಬಿನಲ್ಲಿ ಆಯಸ್ಕಾಂತದ ತುಂಡೊಂದಿತ್ತು. ನಾನು ತಂದ ಹೊಸ ಬ್ಲೇಡಿಗೆ ಅಂಟಿಸಿ ತೋರಿಸಿ, ಇದು ಅಂಟುತ್ತದೆ, ಇದು ಸ್ಟೇನ್‌ಲೆಸ್ಸೇ ಅಲ್ಲ, ಹಿಂದೆಯೂ ಮೋಸ ಮಾಡಿದಿರಿ, ಈಗಲೂ ಮಾಡುತ್ತೀರಿ, ನಿಮ್ಮ ಸ್ಟೀಲಿನ ನಂಬರೇ ಫೋರ್ ಟ್ವೆಂಟಿ ಎಂದರು. ಹಿಂದೆ ನಿಂತವರು ನಕ್ಕರು. ಅನ್ನದ ಪಾತ್ರೆಯ ಸ್ಟೀಲಿಗೆ ಆಯಸ್ಕಾಂತ ಅಂಟುವುದಿಲ್ಲ, ಆದರೆ ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ, ಮೊನಚು ನಿಲ್ಲುವುದಿಲ್ಲ, ಬರೀ ಕಬ್ಬಿಣ ಹಾಕಿದರೆ ಗೆಣಸಿನ ಹುಳಿಹಾಲು ಒಂದೇ ವಾರದಲ್ಲಿ ತಿಂದುಹಾಕುತ್ತದೆ, ಅದಕ್ಕೇ ಇದು, ಇದರಲ್ಲಿ ಕಾರ್ಬನ್ ಜಾಸ್ತಿ, ಡಾಕ್ಟರ ಕತ್ತರಿಯನ್ನೂ ಇದರಲ್ಲೇ ಮಾಡುತ್ತಾರೆ, ಪಾತ್ರೆಯಷ್ಟು ತುಕ್ಕು ತಡೆಯದು, ಕೆಲಸ ಮುಗಿದ ಮೇಲೆ ತೊಳೆದು ಒರೆಸಬೇಕು ಎಂದು ಅವರಿಗೆ ಹೇಳುತ್ತಾ ಹೋದೆ. ಎಷ್ಟು ಹೇಳಿದೆನೋ. ಕೊನೆಗೆ ಗೋಡೆಗೆ ಒತ್ತಿ ನಿಂತಿದ್ದ ಶಿವಲಕ್ಷ್ಮಿಯ ಕಡೆ ಕೈ ತೋರಿಸಿದೆ. ಆಮೇಲೆ ಅವರು ತಾವೇ ಸ್ವಿಚ್ ಆರಿಸಿದರು.

ಹೀಗೆ ಮೂರು ದಿನ. ಮೂವತ್ತೈದರಲ್ಲಿ ಮೂವತ್ತನಾಲ್ಕು ಸಿಕ್ಕವು. ಒಂದು ಸಿಗಲಿಲ್ಲ. ಕೊನೆಯ ಫ್ಯಾಕ್ಟರಿಯಲ್ಲಿ ರಿಪೇರಿಗೆ ಬಂದ ಮೆಕ್ಯಾನಿಕ್ ಒಬ್ಬ ಬಿಚ್ಚಿಕೊಂಡು ಹೋಗಿದ್ದಾನೆ, ಬೇರೆ ಯಾವುದೋ ಯಂತ್ರಕ್ಕೆ ಹಾಕಿರಬಹುದು ಎಂದರು. ಅವನ ಹೆಸರು ಕೂಡ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸುಬ್ಬರಾಯನ್ ಅಣ್ಣ ಇನ್ನೂ ವಿಚಾರಿಸುತ್ತಿದ್ದಾರೆ.

ಮೂವತ್ತನಾಲ್ಕನ್ನೂ ಅಣ್ಣನ ಮನೆಯ ಹಿತ್ತಲಿನಲ್ಲಿ ಸಾಲಾಗಿಟ್ಟು ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿದ್ದರೆ ಒಳಗೆ ಕೂತ ಕೆಂಪು ಮೇಲಕ್ಕೆ ಬರುತ್ತದಲ್ಲ. ಹತ್ತು ನಿಮಿಷದಲ್ಲಿ ಹನ್ನೊಂದು ಬ್ಲೇಡುಗಳ ಮೇಲೆ ಸಣ್ಣ ಕೆಂಪು ಗೆರೆ ಮೂಡಿತು. ಅಣ್ಣನ ಹೆಂಡತಿ ನೋಡಿ ಒಳಗೆ ಹೋಗಿಬಿಟ್ಟಳು.

ಮೊದಲಾಳಿಗೆ ಗೊತ್ತಾಗಿದೆ. ಟೈಪ್ ಮಾಡಿದ ಆ ಕಾಗದ ಇವತ್ತು ನನ್ನ ಮೇಜಿನ ಮೇಲಿತ್ತು, ಮೇಲೆ ಪೆನ್ನು.

ಸಂಧ್ಯಾ


ಅದಿಯಮಾನ್‌ಕೋಟೆ
18 ಫೆಬ್ರವರಿ 2024, ಭಾನುವಾರ

ಪ್ರೀತಿಯ ಪಳನಿಗೆ,

ಈ ಕಾಗದವೂ ತಡವಾಯಿತು. ಹನ್ನೆರಡನೇ ತಾರೀಕಿನದು ಆವತ್ತೇ ಬರೆಯಬೇಕಾಗಿತ್ತು. ಆರು ದಿನ ಬೇಕಾಯಿತು.

ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಹತ್ತು ಗಂಟೆಗೆ ಬಂದರು. ವಯಸ್ಸಾದವರು, ಮಾತು ಕಡಿಮೆ. ಕುಲುಮೆ ನೋಡಿದರು, ಎಣ್ಣೆ ತೊಟ್ಟಿ ನೋಡಿದರು, ನನ್ನ ರಿಜಿಸ್ಟರ್ ತೆರೆಸಿ ನವೆಂಬರ್ ಇಪ್ಪತ್ತರ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತರು. ಮೊದಲಾಳಿ ತಮ್ಮ ಮಾತು ಶುರುಮಾಡಿದರು, ಆಪರೇಟರ್ ಓಡಿಹೋಗಿದ್ದಾನೆ, ಓಡಿಹೋಗಿದ್ದೇ ಸಾಕ್ಷಿ ಎಂದು. ಇನ್ಸ್‌ಪೆಕ್ಟರ್ ತಲೆಯೆತ್ತಲಿಲ್ಲ. ಆ ಲಾಟಿನ ಬ್ಲೇಡು ಯಾವುದಾದರೂ ಉಳಿದಿದೆಯಾ ಎಂದು ಕೇಳಿದರು. ಮೊದಲಾಳಿ ಇಲ್ಲ ಎಂದರು. ನಾನು ಇದೆ ಎಂದೆ. ಬಿರುಕಿಲ್ಲದ ಒಂದನ್ನು ನನ್ನ ಊಟದ ಚೀಲದಲ್ಲಿ ತಂದಿದ್ದೆ.

ಗಡಸು ಅಳೆಯುವ ನಮ್ಮ ರಾಕ್‌ವೆಲ್ ಯಂತ್ರದ ಮೇಲೆ ನಾನೇ ಇಟ್ಟೆ. ವಜ್ರದ ಮೊನೆ ಇಳಿಯಿತು, ಎದ್ದಿತು. ಮುಳ್ಳು ಐವತ್ತಾರಕ್ಕೆ ಬಂದು ನಿಂತಿತು. ಜಾಗ ಬದಲಿಸಿ ಮತ್ತೆ ಇಟ್ಟೆ. ಐವತ್ತಾರು. ಟೆಂಪರ್ ಆಗಿದ್ದರೆ ಅಷ್ಟು ಬರಲು ಸಾಧ್ಯವಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಇನ್ಸ್‌ಪೆಕ್ಟರಿಗೂ ಗೊತ್ತು.

"ಇಲ್ಲಿ ಐವತ್ತೆರಡು ಅಂತ ಬರೆದಿದೆಯಲ್ಲ" ಎಂದರು ಅವರು ತಮಿಳಿನಲ್ಲಿ. "ಆವತ್ತು ಯಂತ್ರ ಸರಿಯಿರಲಿಲ್ಲವಾ?"

ಅವರು ನನಗೆ ಒಂದು ದಾರಿ ಬಿಟ್ಟುಕೊಟ್ಟರೋ ಏನೋ. ಹೌದು ಎಂದಿದ್ದರೆ ತಪ್ಪು ಯಂತ್ರದ ಮೇಲೆ ಹೋಗುತ್ತಿತ್ತು. ಮೊದಲಾಳಿ ನನ್ನನ್ನೇ ನೋಡುತ್ತಿದ್ದರು.

"ಸರಿಯಿತ್ತು ಸಾರ್. ಆವತ್ತೂ ಐವತ್ತಾರೇ ತೋರಿಸಿತ್ತು. ನಾನು ಐವತ್ತೆರಡು ಅಂತ ಬರೆದೆ."

ಹೌದು ಪಳನಿ. ನಾನು ನೋಡಿದ್ದೆ. ಮೂರು ಬ್ಲೇಡು ಇಟ್ಟು ನೋಡಿದೆ, ಮೂರೂ ಐವತ್ತಾರು. ಇದು ಟೆಂಪರ್ ಆಗಿಲ್ಲ ಎಂದು ಆ ಕ್ಷಣವೇ ನನಗೆ ತಿಳಿದಿತ್ತು. ನೀನು ಕೇಳದೆ ತಂದಿಟ್ಟೆ, ನಾನು ತಿಳಿದೂ ಕಳಿಸಿದೆ. ಎರಡೂ ಒಂದೇ ಅಲ್ಲ. ಈ ಒಂದೂವರೆ ತಿಂಗಳು ನೀನು ಅಲ್ಲಿ ಲೋಟ ತೊಳೆಯುತ್ತಾ ನನ್ನಿಂದ ಒಬ್ಬ ಹೆಂಗಸಿನ ಕಣ್ಣು ಹೋಯಿತು ಎಂದು ಕೂತಿದ್ದೆ. ನಾನು ಎರಡು ಕಾಗದ ಬರೆದೆ, ಎರಡರಲ್ಲೂ ಇದನ್ನು ಬರೆಯಲಿಲ್ಲ.

ಯಾಕೆ ಬರೆದೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಮೊದಲಾಳಿ ನಿನಗೆ ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು, ಒಂದು ಸಲ ಬಿಸಿ ಜಾಸ್ತಿ ಮಾಡಿದ್ದಕ್ಕೆ, ಇನ್ನೊಂದು ಸಲ ತಡವಾಗಿ ಬಂದದ್ದಕ್ಕೆ. ಮೂರನೆಯದಾದರೆ ನಿನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದು ನನಗೆ ಭಯವಿತ್ತು. ನಿನ್ನನ್ನು ಉಳಿಸಲು ಬರೆದೆ.

ಈಗ ಆದದ್ದು ಇಷ್ಟು. ಕುಲುಮೆಗೆ ಸೀಲು ಬಿದ್ದಿದೆ. ಕೇಸಿನಲ್ಲಿ ನನ್ನದು ಮೊದಲ ಹೆಸರು, ಮೊದಲಾಳಿಯದು ಎರಡನೆಯದು. ಭಾನುವಾರ ಮಾಡಿಸುತ್ತೇನೆ ಎಂದು ಅವರು ನಿನಗೆ ಹೇಳಿದ್ದನ್ನು ನಾನು ಬರೆದುಕೊಟ್ಟಿದ್ದೇನೆ. ಅವರು ಹೇಳಿಲ್ಲ ಎನ್ನುತ್ತಾರೆ. ನಿನ್ನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿದೆ, ಆರೋಪಿಗಳ ಪಟ್ಟಿಯಲ್ಲಿಲ್ಲ. ನೀನು ಬರಬಹುದು. ಯಾರೂ ನಿನ್ನನ್ನು ಹಿಡಿದುಕೊಂಡು ಹೋಗುವುದಿಲ್ಲ. ನಾನು ಮಾತ್ರ ಹೇಳದೆ ಸೇಲಂ, ಧರ್ಮಪುರಿ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಕೆಲಸವಿಲ್ಲ, ಡಿಪ್ಲೊಮಾ ಇನ್ನೂ ಅವರ ಬೀರುವಿನಲ್ಲೇ ಇದೆ. ಕೇಳಲು ಹೋದೆ. ಬಾಗಿಲಲ್ಲೇ ನಿಲ್ಲಿಸಿ, ಕೇಸು ಮುಗಿಯಲಿ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹನ್ನೊಂದು ವರ್ಷ ಮಗಳ ಹಾಗೆ ನೋಡಿಕೊಂಡೆ ಎಂದರು. ಅದು ಸುಳ್ಳಾಗಿರಲಿಲ್ಲ. ನನಗೆ ಅದೇ ಕಷ್ಟ.

ಬಸ್ಸಿಗೆ ನಿಂತರೆ ಶೆಡ್ಡಿನ ಹೆಂಗಸರು ಮುಖ ತಿರುಗಿಸುತ್ತಾರೆ. ಹದಿನಾಲ್ಕು ಮನೆ ಎಂದು ಮೊದಲಾಳಿ ಹೇಳಿದ್ದು ಬರೀ ಮಾತಲ್ಲ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಊಟದ ಡಬ್ಬಿ ಕಟ್ಟುತ್ತೇನೆ, ಆಮೇಲೆ ಅದನ್ನು ಇಲ್ಲೇ ಕೂತು ತಿನ್ನುತ್ತೇನೆ. ಸಿಗದ ಆ ಒಂದು ಬ್ಲೇಡು ಎಲ್ಲಿ ತಿರುಗುತ್ತಿದೆಯೋ ಎಂದು ನೆನಪಾದರೆ ತುತ್ತು ಇಳಿಯುವುದಿಲ್ಲ.

ಮುತ್ಯಾಲಮ್ಮನ ಮನೆಗೂ ಹೋಗಿದ್ದೆ. ಅವಳನ್ನು ಆಸ್ಪತ್ರೆಯಿಂದ ಕಳಿಸಿದ್ದಾರೆ. ಅಷ್ಟರಲ್ಲಿ ನಾನು ನಾಲ್ಕು ಸಲ ಹೋಗಿ ಬಂದಿದ್ದೆ, ನನ್ನನ್ನು ಕಂಡರೆ ಸೊಸೆಗೆ ಕಾಫಿ ಮಾಡಲು ಹೇಳುವಷ್ಟು ಬಳಕೆಯಾಗಿತ್ತು. ಕಾಫಿ ಬರುವುದಕ್ಕೆ ಮೊದಲೇ ಹೇಳಿಬಿಟ್ಟೆ.

"ಅಂಗಾದ್ರೆ ಕಿತ್ಲೆ ಅಣ್ಣು ತಂದ್ಕೊಡ್ತಿದ್ಯಲ್ಲ, ಆವಾಗ್ಲೂ ನಿಂಗ್ ಗೊತ್ತಿತ್ತು" ಎಂದಳು.

ಗೊತ್ತಿತ್ತು ಎಂದೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು. ತಮ್ಮನಿಗೋಸ್ಕರ ಎಂದೆ. ಆಗ ಅವಳ ಮುಖ ಸ್ವಲ್ಪ ಸಡಿಲವಾಯಿತು.

"ಒಡುಟ್ಟಿದೋನ್ಗೆ ಅಂದ್ರೆ ಯಾರಾದ್ರೂ ಮಾಡ್ತಾರೆ. ನಾನೂ ಮಾಡ್ತಿದ್ನೇನೋ. ಓಗಮ್ಮ. ಆದ್ರೆ ಇನ್ಮೇಲೆ ಬರ್ಬ್ಯಾಡ."

ಹೊರಗೆ ಬಂದಾಗ ಶಿವಲಕ್ಷ್ಮಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೊಡಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ, ತೆಗೆದುಕೊಳ್ಳಬೇಕೋ ಬೇಡವೋ ಎಂದು ನನಗೂ.

ಬಾ ಪಳನಿ. ಅಮ್ಮ ದಿನಾ ಸಂಜೆ ಧರ್ಮಪುರಿ ಬಸ್ಸು ಬರುವ ಹೊತ್ತಿಗೆ ಬಾಗಿಲಿಗೆ ಬರುತ್ತಾಳೆ, ಕಸ ಹಾಕಲು ಬಂದವಳ ಹಾಗೆ. ನಿನಗೆ ಒಳ್ಳೆಯದಾಗಲಿ, ಕೈಗೆ ಒಳ್ಳೆಯ ಕೆಲಸ ಸಿಗಲಿ, ತಲೆಯೆತ್ತಿ ನಡೆ. ಮಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ
ಸಂಧ್ಯಾ

ಮರೆತ ಮಾತು: ಮರೆತದ್ದಲ್ಲ. ಕವರಿಗೆ ಗೋಂದು ಹಚ್ಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ನಿನ್ನನ್ನು ಉಳಿಸಲು ಬರೆದೆ ಎಂದು ಮೇಲೆ ಹೇಳಿದ್ದೇನಲ್ಲ, ಅದು ಸುಳ್ಳು. ಇನ್ಸ್‌ಪೆಕ್ಟರಿಗೂ ಮುತ್ಯಾಲಮ್ಮನಿಗೂ ಅದನ್ನೇ ಹೇಳಿದೆ, ಇಬ್ಬರೂ ನಂಬಿದರು. ಅವಳು ಆ ಮಾತಿಗೆ ನನ್ನ ಮೇಲೆ ಕನಿಕರಪಟ್ಟಳು. ಆ ಹೊತ್ತಿನಲ್ಲಿ ನಿನ್ನ ಯೋಚನೆಯೇ ನನಗಿರಲಿಲ್ಲ.

ನಾಗರಾಜನ್ ನಿನಗೆ ನೆನಪಿರಬೇಕು. ಪಾಲಿಟೆಕ್ನಿಕ್‌ನಲ್ಲಿ ನನ್ನ ಜೊತೆ ಓದಿದವರು. ಅಪ್ಪ ತೀರಿಕೊಂಡ ವರ್ಷ ಅವರ ಮನೆಯಿಂದ ಹೆಣ್ಣು ಕೇಳಿದ್ದರು, ಈಗ ಬೇಡ ಎಂದು ನಾನೇ ಹೇಳಿ ಕಳಿಸಿದ್ದೆ. ಆಮೇಲೆ ಅವರು ಕೊಯಮತ್ತೂರಿಗೆ ಹೋದರು. ಹನ್ನೆರಡು ವರ್ಷ ಮಾತಿಲ್ಲ. ನವೆಂಬರಿನಲ್ಲಿ ಒಂದು ದಿನ ಫೋನ್ ಮಾಡಿ, ಇಪ್ಪತ್ತಕ್ಕೆ ಚೆನ್ನೈಗೆ ಹೋಗುತ್ತಿದ್ದೇನೆ, ಸಂಜೆ ಐದಕ್ಕೆ ಸೇಲಂ ಜಂಕ್ಷನ್ನಿನಲ್ಲಿ ರೈಲು ಐದು ನಿಮಿಷ ನಿಲ್ಲುತ್ತದೆ, ನಿನಗೆ ಹೇಳುವುದು ಒಂದಿದೆ, ಬರುತ್ತೀಯಾ ಎಂದರು. ಅವರು ಏನು ಹೇಳುತ್ತಾರೆಂದು ನಾನೇ ಅಂದುಕೊಂಡೆ. ಹತ್ತು ದಿನ ಅದನ್ನೇ ಅಂದುಕೊಂಡೆ. ಆವತ್ತು ಉಟ್ಟ ಸೀರೆ ನೋಡಿ ನೀನು ಶೆಡ್ಡಿಗೆ ಯಾಕೆ ಇದು ಎಂದು ಕೇಳಿದ್ದೆ.

ಮೂರೂವರೆಗೆ ನೀನು ತಟ್ಟೆ ತಂದಿಟ್ಟೆ. ಐವತ್ತಾರು ಎಂದು ಬರೆದರೆ ಮಾಲು ಮತ್ತೆ ಒಳಗೆ ಹೋಗಬೇಕು, ಎರಡು ಗಂಟೆ ಕಾಯಬೇಕು, ತಣಿಯಬೇಕು, ನಾನೇ ಮತ್ತೆ ಪರೀಕ್ಷಿಸಬೇಕು. ಏಳಾಗುತ್ತದೆ. ಮುಳ್ಳು ನೋಡಿದೆ, ಗೋಡೆ ಗಡಿಯಾರ ನೋಡಿದೆ, ಐವತ್ತೆರಡು ಎಂದು ಬರೆದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಹೊರಟೆ.

ಅವರು ರೈಲಿನಿಂದ ಇಳಿದು ಬಂದರು. ಬ್ಯಾಗಿನಿಂದ ತಮ್ಮ ಮದುವೆ ಕಾಗದ ತೆಗೆದು ಕೊಟ್ಟರು, ಪೋಸ್ಟಿನಲ್ಲಿ ಕಳಿಸಲು ಮನಸ್ಸು ಬರಲಿಲ್ಲ ಎಂದರು. ತಪ್ಪದೆ ಬರಬೇಕು ಎಂದರು. ರೈಲು ಹೊರಟಿತು.

ನೀನು ಹೊಸ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ನನ್ನ ಕಣ್ಣು ಕೆಂಪಗಿರುವುದನ್ನು ನೋಡಿ ಹಲ್ಲು ತುಂಬ ನೋವಾ ಅಕ್ಕಾ ಎಂದು ಕೇಳಿದೆ. ಹೂಂ ಎಂದೆ. ಅಗಿಯಲು ಆಗುವುದಿಲ್ಲವೆಂದು ಇಡ್ಲಿ ಕಟ್ಟಿಸಿಕೊಂಡು ಬಂದು, ಸಾಂಬಾರಿನಲ್ಲಿ ಕಿವುಚಿ, ಬಸ್ಸಿನಲ್ಲಿ ನನ್ನ ಕೈಗೆ ಕೊಟ್ಟೆ. ನಾನು ತಿಂದೆ.